ಕೇಳಿಸದೆ ಹೋದ ಮೊದಲ ಅಳು

ಊಟ ಮುಗಿದು ತಟ್ಟೆಗಳು ಒಂದೊಂದಾಗಿ ಸಿಂಕಿನ ಕಡೆ ಹೋಗುತ್ತಿದ್ದವು. ಭಾನುವಾರ ಎಲ್ಲರೂ ಅಮ್ಮನ ಮನೆಯಲ್ಲಿ ಸೇರಿದಾಗ, ಈ ಹೊತ್ತಿಗೆ ಸರಿಯಾಗಿ ಚಿಕ್ಕಪ್ಪ ಕುರ್ಚಿಯನ್ನು ಗೋಡೆಗೆ ಒರಗಿಸಿಕೊಂಡು ಯಾವುದಾದರೂ ಹಳೆಯ ಕಥೆ ಹೇಳಿಸುವುದು ವಾಡಿಕೆ. ಹೊಸ ಕಥೆಗಳಲ್ಲಿ ಅವರಿಗೆ ನಂಬಿಕೆಯಿಲ್ಲ. ಎಲ್ಲಿ ನಗಬೇಕೆಂದು ಅವರಿಗೆ ಮೊದಲೇ ಗೊತ್ತಿರಬೇಕು.

"ಆ ಬೂಟಿನ ಕಥೆ ಹೇಳಮ್ಮ," ಎಂದರು ಅಕ್ಕನಿಗೆ. "ನನ್ನ ಸೊಸೆ ಇನ್ನೂ ಕೇಳಿಲ್ಲ."

ಅಕ್ಕ ಹೆರಿಗೆ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ನರ್ಸು. ಕಥೆ ಹೇಳುವುದರಲ್ಲಿ ಎತ್ತಿದ ಕೈ. ಬೇಡ ಬೇಡ ಎನ್ನುತ್ತಲೇ ಕೈ ಒರೆಸಿಕೊಂಡು ನಡುಮನೆಗೆ ಬಂದು ನಿಂತಳು.

ಕಥೆ ಅವಳ ತಂಗಿಯದು. ತಂಗಿಗೆ ಮೊದಲ ಸಿಸೇರಿಯನ್ ಆದ ದಿನದ್ದು. ಬೆನ್ನಿಗೆ ಸೂಜಿ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸುವ ಅರಿವಳಿಕೆ ಡಾಕ್ಟರು, ಮನೆಯವರ ಬಾಯಲ್ಲಿ ಸೂಜಿ ಡಾಕ್ಟರು, ಅವತ್ತು ಫಳಫಳ ಹೊಳೆಯುವ ಹೊಸ ಬೂಟು ಹಾಕಿಕೊಂಡು ಬಂದಿದ್ದರಂತೆ. ಹೊರಗಿನ ಬೂಟು ಥಿಯೇಟರಿನೊಳಗೆ ತರಬಾರದು ಎಂದು ಗೋಡೆಯ ಮೇಲೆ ಬರೆದೇ ಇದೆ. ಯಾರು ಹೇಳಬೇಕು ಅವರಿಗೆ? ಆಪರೇಷನ್ ಮಾಡುವ ದೊಡ್ಡ ಡಾಕ್ಟರೂ ಸುಮ್ಮನಿದ್ದರಂತೆ. ಅಕ್ಕ ಇಲ್ಲಿ ಸ್ವಲ್ಪ ತಡೆದಳು. ಆಮೇಲೆ ಕೆನ್ನೆ ಉಬ್ಬಿಸಿ, ಕಣ್ಣು ಮೇಲೆ ಮಾಡಿ, ತಂಗಿ ಆ ಬೂಟಿನ ಮೇಲೆ ವಾಂತಿ ಮಾಡಿದ ರೀತಿಯನ್ನೂ ಡಾಕ್ಟರು ಒಂಟಿ ಕಾಲಲ್ಲಿ ಕುಣಿದ ರೀತಿಯನ್ನೂ ಮಾಡಿ ತೋರಿಸಿದಳು.

"ಆಸ್ಪತ್ರೆಯ ನಿಯಮ ಅಂತ ಪಾಲಿಸಿದ್ದು ಅವತ್ತು ನಮ್ಮ ಗುಬ್ಬಿ ಒಬ್ಬಳೇ," ಎಂದು ಮುಗಿಸಿದಳು.

ಚಿಕ್ಕಪ್ಪನ ಕುರ್ಚಿ ನಗುವಿನ ರಭಸಕ್ಕೆ ಮುಂದಕ್ಕೆ ಬಂತು. ಸೊಸೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅಮ್ಮ ನಕ್ಕಳು. ತುಂಬಿದ ಬಸುರಿ ಗುಬ್ಬಿಯೂ ಸೋಫಾದ ಮೂಲೆಯಲ್ಲಿ ಬೆನ್ನಿಗೆ ದಿಂಬು ಇಟ್ಟುಕೊಂಡು ಎಂದಿನಂತೆ ನಕ್ಕಳು. ಗುಬ್ಬಿ ಎಂದು ಮನೆಯವರು ಕರೆಯುವುದು ಈ ತಂಗಿಯನ್ನೇ. ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವುದು ಅವಳ ಕೆಲಸ. ಕಣ್ಣಿಗೆ ಕಾಣದಂಥ ಸ್ಕ್ರೂಗಳನ್ನು ಉಸಿರು ಬಿಗಿಹಿಡಿದು ತಿರುಗಿಸಿ ಅಭ್ಯಾಸವಾದ ಕೈ ಅವಳದು. ಮನಸ್ಸಿನಲ್ಲಿರುವುದು ಮುಖದ ಮೇಲೆ ಬರುವುದು ಕಡಿಮೆ.

ಅವಳ ಮಗಳು, ಕಥೆಯಲ್ಲಿ ಅವತ್ತು ಹುಟ್ಟಿದ್ದವಳು, ಸೋಫಾ ಹತ್ತಿ ಅಮ್ಮನ ಕಿವಿಯ ಹತ್ತಿರ ಬಂದಳು. "ಅಮ್ಮಾ, ಆಮೇಲೆ ನಾನು ಬಂದ್ನಾ?"

"ಬಂದೆ."

"ಅಳ್ತಾ ಬಂದ್ನಾ?"

"ಹ್ಞೂಂ. ಎಲ್ಲ ಮಕ್ಕಳ ಥರ."

"ಹೇಗೆ ಅಳ್ತಿದ್ದೆ? ಮಾಡಿ ತೋರ್ಸು. ದೊಡ್ಡಮ್ಮ ನಿನ್ನ ವಾಂತಿ ಮಾಡಿ ತೋರಿಸಿದ್ರಲ್ಲ, ಹಾಗೆ."

ಗುಬ್ಬಿ ಮಗಳ ಕೂದಲು ಸರಿಮಾಡಿದಳು. ಹೋಗು, ನೀರು ಕುಡಿದು ಬಾ ಎಂದಳು. ಮಾಡಿ ತೋರಿಸಲು ಅವಳಿಗೆ ಬರುತ್ತಿರಲಿಲ್ಲ. ಮಗಳ ಮೊದಲ ಅಳು ಅವಳು ಕೇಳಿಯೇ ಇರಲಿಲ್ಲ.

ನಡೆದದ್ದು ಹೀಗೆ. ಮಗು ಹೊಟ್ಟೆಯಲ್ಲಿ ಅಡ್ಡ ಮಲಗಿದೆ, ಆಪರೇಷನ್ನೇ ಆಗಬೇಕು ಎಂದಾಗ ಗುಬ್ಬಿ ಹೆದರಿ ಊಟ ಬಿಟ್ಟಿದ್ದಳು. ಅಕ್ಕ ಬಂದು ಮಂಚದ ಮೇಲೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದ್ದಳು. ಎಚ್ಚರವಾಗಿಯೇ ಇರ್ತೀಯ, ಸೊಂಟದ ಕೆಳಗೆ ಮಾತ್ರ ಏನೂ ಗೊತ್ತಾಗಲ್ಲ. ಒಳಗೆ ಮಾತಾಡಬಾರದು, ಪೇಷೆಂಟ್ ಬಾಯಿ ಬಿಟ್ಟರೆ ದೊಡ್ಡ ಡಾಕ್ಟರಿಗೆ ಆಗಿಬರಲ್ಲ. ನಾನು ತಲೆಯ ಹತ್ತಿರವೇ ನಿಂತಿರುತ್ತೇನೆ. ಏನೇ ಆದರೂ ನನ್ನ ಕೈ ಹಿಚುಕು, ಮಿಕ್ಕಿದ್ದು ನಾನು ನೋಡ್ಕೋತೀನಿ.

ಕೈ ಹಿಚುಕುವುದು ಅವರಿಬ್ಬರ ಹಳೆಯ ಭಾಷೆ. ಚಿಕ್ಕಂದಿನಲ್ಲಿ ಅಪ್ಪ ಸಿಟ್ಟಿನಲ್ಲಿ ಬಾಗಿಲು ತಳ್ಳಿಕೊಂಡು ಬಂದರೆ ಮೇಜಿನ ಕೆಳಗೆ ಗುಬ್ಬಿ ಅಕ್ಕನ ಕೈ ಹಿಚುಕುತ್ತಿದ್ದಳು. ಅಕ್ಕ ತಕ್ಷಣ ಏನಾದರೂ ನೆಪ ತೆಗೆದು ಅವಳನ್ನು ಅಲ್ಲಿಂದ ಎಬ್ಬಿಸಿಕೊಂಡು ಹೋಗುತ್ತಿದ್ದಳು. ಒಂದು ಸಲವೂ ತಪ್ಪಿರಲಿಲ್ಲ. ಆ ನಂಬಿಕೆಯ ಮೇಲೆ ಗುಬ್ಬಿ ಥಿಯೇಟರಿನೊಳಗೆ ನಡೆದುಹೋಗಿದ್ದಳು.

ಸೂಜಿ ಅಷ್ಟೇನೂ ನೋಯಲಿಲ್ಲ. ಕಾಲು ಬೆಚ್ಚಗಾಗಿ, ಭಾರವಾಗಿ, ಆಮೇಲೆ ಬೇರೆ ಯಾರದೋ ಕಾಲಿನಂತಾಯಿತು. ಮಲಗಿಸಿದರು. ಮುಖದೆದುರು ಹಸಿರು ಬಟ್ಟೆಯ ಗೋಡೆ ಎದ್ದಿತು. ಅಷ್ಟರಲ್ಲಿ ಯಾರೋ ಕಿವಿಗೆ ಹತ್ತಿ ತುರುಕಿದ ಹಾಗೆ ಸದ್ದೆಲ್ಲ ದೂರ ಹೋಯಿತು. ಬಾಯಲ್ಲಿ ನೀರು ತುಂಬಿತು. ಎದೆ ಎಲ್ಲಿಗೋ ಇಳಿದುಹೋಗುತ್ತಿತ್ತು. ಗುಬ್ಬಿ ಕೈ ಹಿಚುಕಿದಳು.

ಅಕ್ಕ ತಲೆಯೆತ್ತಿ ಮಾನಿಟರ್ ನೋಡಿದಳು. ಅವಳು ನೋಡಿದ್ದನ್ನು ಗುಬ್ಬಿ ನೋಡಿದಳು. ಮಾಸ್ಕಿನ ಮೇಲಿದ್ದ ಆ ಕಣ್ಣುಗಳು ಒಂದು ಕ್ಷಣ ಅಲ್ಲೇ ನಿಂತವು. ಈಗ ಹೇಳುತ್ತಾಳೆ ಎಂದುಕೊಂಡಳು. ಅಕ್ಕ ಹೇಳಲಿಲ್ಲ. ಬಗ್ಗಿ ಸ್ಟೀಲಿನ ಟ್ರೇ ಒಂದನ್ನು ತೆಗೆದು ಕೆನ್ನೆಯ ಪಕ್ಕ ಇಟ್ಟಳು. ಗುಬ್ಬಿ ಮತ್ತೆ ಹಿಚುಕಿದಳು, ಈ ಸಲ ಇದ್ದ ಬಲವನ್ನೆಲ್ಲ ಹಾಕಿ. ಅಕ್ಕ ತನ್ನ ಬೆರಳುಗಳನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಸುಮ್ನಿರೇ. ಎಲ್ರಿಗೂ ಆಗೋದೇ," ಎಂದಳು ಕಿವಿಯಲ್ಲಿ.

ಆಮೇಲಿನದ್ದೆಲ್ಲ ವಾಂತಿ. ಏಳಲಾಗದೆ, ಹೊರಳಲಾಗದೆ, ಕತ್ತು ಮಾತ್ರ ಪಕ್ಕಕ್ಕೆ ತಿರುಗಿಸಿ ಮಾಡಿದ ವಾಂತಿ. ನಡುವೆ ಉಸಿರು ಸಿಗದೆ, ನಾನು ಸಾಯುತ್ತಿದ್ದೇನೆ, ನನ್ನಕ್ಕ ಟ್ರೇ ಹಿಡಿದುಕೊಂಡು ನಿಂತಿದ್ದಾಳೆ ಎಂದು ಅವಳಿಗನಿಸಿತ್ತು. ಯಾರೋ ಗದರಿದರು, ಯಾರೋ ಓಡಿಬಂದು ಇಂಜೆಕ್ಷನ್ ಕೊಟ್ಟರು, ಮೆಲ್ಲಗೆ ಪ್ರಪಂಚ ವಾಪಸು ಬಂತು. ಅಷ್ಟರಲ್ಲಿ ಮಗು ಹೊರಗೆ ಬಂದು, ಅತ್ತು, ಅಕ್ಕನ ಕೈಯಲ್ಲಿ ಮೈ ಒರೆಸಿಸಿಕೊಂಡು ಸುಮ್ಮನೂ ಆಗಿತ್ತು. ಬಟ್ಟೆ ಸುತ್ತಿದ ಮಗುವನ್ನು ಅವಳ ಮುಖದ ಹತ್ತಿರ ತಂದರು. ಎಲ್ಲಿ ಅದರ ಮೇಲೆ ವಾಂತಿ ಮಾಡಿಬಿಡುತ್ತೇನೋ ಎಂಬ ಹೆದರಿಕೆಗೆ ಗುಬ್ಬಿ ಮುಖ ಆ ಕಡೆ ತಿರುಗಿಸಿದಳು.

ಮಗಳನ್ನು ಮೊದಲ ಸಲ ಕಂಡಾಗ ತಾನು ಮಾಡಿದ್ದು ಅದು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಎಲ್ಲರಿಗೂ ಆಗುವುದು ತನಗೂ ಆಯಿತು ಎಂದುಕೊಂಡಳು. ಕೆಲವೇ ತಿಂಗಳಲ್ಲಿ ಅಕ್ಕನ ಬಾಯಲ್ಲಿ ಅದು ಬೂಟಿನ ಕಥೆಯಾಯಿತು.

ಎರಡನೆಯದೂ ಆಪರೇಷನ್ನೇ ಎಂದು ತೀರ್ಮಾನವಾದ ಮೇಲೆ ಅದೇ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರನ್ನು ಮೊದಲೇ ಕಂಡು ಬರಬೇಕೆಂದರು. ಹಳೆಯ ಸೂಜಿ ಡಾಕ್ಟರು ಕೆಲಸ ಬಿಟ್ಟುಹೋಗಿದ್ದರು. ಹೊಸದಾಗಿ ಬಂದವರು ಹೆಂಗಸು, ಸಣ್ಣ ವಯಸ್ಸು, ಮಾತು ನಿಧಾನ. ಹೃದಯ, ಹಲ್ಲು, ಅಲರ್ಜಿ ಎಲ್ಲ ಕೇಳಿ, ಹೋದ ಸಲ ಏನಾದರೂ ತೊಂದರೆಯಾಗಿತ್ತೇ ಎಂದರು. ಗುಬ್ಬಿ ಅಭ್ಯಾಸಬಲದಿಂದ ಬೂಟಿನ ಕಥೆ ಹೇಳಿದಳು. ಅಕ್ಕ ತಡೆಯುವ ಜಾಗದಲ್ಲಿ ತಾನೂ ತಡೆದಳು.

ಡಾಕ್ಟರು ನಗಲಿಲ್ಲ. "ವಾಂತಿ ಬರೋ ಮುಂಚೆ ಕಿವಿ ಮುಚ್ಚಿಕೊಂಡ ಹಾಗೆ ಆಯ್ತಾ?" ಎಂದು ಕೇಳಿದರು.

ಗುಬ್ಬಿ ಅವರ ಮುಖ ನೋಡಿದಳು. ಕಿವಿಯ ವಿಷಯ ಅವಳು ಹೇಳಿಯೇ ಇರಲಿಲ್ಲ.

ಡಾಕ್ಟರು ಕುರ್ಚಿ ಮುಂದಕ್ಕೆ ಎಳೆದುಕೊಂಡು ವಿವರಿಸಿದರು. ಬೆನ್ನಿಗೆ ಆ ಸೂಜಿ ಹಾಕಿದ ಮೇಲೆ ಕೆಳಗಿನ ರಕ್ತನಾಳಗಳೆಲ್ಲ ಸಡಿಲವಾಗುತ್ತವೆ, ಬಿಪಿ ಇಳಿಯುತ್ತದೆ. ಹೊಟ್ಟೆ ತೊಳಸುವುದು ಬಹಳ ಸಲ ಅದರ ಮೊದಲ ಸೂಚನೆ. ಹಾಗಾಗಿ ಬಿಪಿ ಬೀಳಲಿ ಎಂದು ಕಾಯಬಾರದು. ಸೂಜಿ ಹಾಕಿದ ಕೂಡಲೇ ಅದನ್ನು ಹಿಡಿದು ನಿಲ್ಲಿಸುವ ಔಷಧಿಯನ್ನು ಸಣ್ಣಗೆ ಹರಿಸುತ್ತಲೇ ಇರಬೇಕು. ಜೊತೆಗೆ ಡ್ರಿಪ್ಪು. ಬಲಸೊಂಟದ ಕೆಳಗೆ ಮೆತ್ತೆ ಕೊಟ್ಟು ಸ್ವಲ್ಪ ಎಡಕ್ಕೆ ವಾಲಿಸಿ ಮಲಗಿಸುವುದು. ವಾಂತಿ ತಡೆಯುವ ಇಂಜೆಕ್ಷನ್ನನ್ನೂ ಮೊದಲೇ ಕೊಡುವುದು. ಹಿಂದೆ ಇಷ್ಟು ಕಷ್ಟಪಟ್ಟವರಿಗಂತೂ ಇದೆಲ್ಲ ತಪ್ಪಿಸಲೇಬಾರದು.

"ಯಾರಿಗೂ ವಾಂತಿ ಆಗೋದೇ ಇಲ್ಲ ಅಂತ ನಾನು ಮಾತು ಕೊಡಲ್ಲ," ಎಂದರು. "ಒಳಗೆ ಕೈ ಆಡಿದಾಗ ಒಂದೊಂದು ಸಲ ಆಗುತ್ತೆ. ಆದ್ರೆ ನೀವು ಹೇಳಿದ ಥರ ಆಗೋದು ತುಂಬಾ ಮಟ್ಟಿಗೆ ತಪ್ಪಿಸಬಹುದು. ಹೊಟ್ಟೆ ತೊಳಸಿದ ತಕ್ಷಣ ನೀವು ಬಾಯಿಬಿಟ್ಟು ಹೇಳಬೇಕು ಅಷ್ಟೇ."

"ಮಾತಾಡಬಾರದು ಅಂದಿದ್ರು."

"ಯಾರು?"

ಗುಬ್ಬಿ ಅದನ್ನು ಬಿಟ್ಟು ಬೇರೆಯದು ಕೇಳಿದಳು: "ಡಾಕ್ಟ್ರೇ, ಈ ಔಷಧಿಗಳು ಈಗ ಬಂದಿರೋದಾ? ಆಗ ಇರಲಿಲ್ವಾ?"

ಡಾಕ್ಟರು ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಹಾಕಿದರು. "ಇತ್ತು," ಎಂದರು. "ಈ ಥಿಯೇಟರಲ್ಲಿ ವಾಂತಿ ಆದ ಮೇಲೆ ಸಿರಿಂಜಿಗೆ ತುಂಬಿಸಿಕೊಳ್ಳೋ ಅಭ್ಯಾಸ. ನಾನು ಬಂದಾಗಿನಿಂದ ದಿನಾ ಕೇಳಿ ಕೇಳಿ ಮೊದಲೇ ತರಿಸ್ಕೋತಿದ್ದೀನಿ."

ಥಿಯೇಟರಿನ ಪಕ್ಕದ ಕೋಣೆಯಲ್ಲಿ ಅಕ್ಕ ಒಗೆದು ಬಂದ ಹಸಿರು ಬಟ್ಟೆಗಳನ್ನು ಮಡಿಸುತ್ತಿದ್ದಳು. ಗುಬ್ಬಿ ಬಾಗಿಲಲ್ಲಿ ಕಂಡಿದ್ದೇ, "ಬಂದ್ಯಾ, ಹಿಡಿ ಆ ಕಡೆ," ಎಂದು ದೊಡ್ಡ ಬಟ್ಟೆಯೊಂದರ ಎರಡು ತುದಿಗಳನ್ನು ಅವಳ ಕೈಗೆ ತುರುಕಿದಳು. ಮನೆಯಲ್ಲಿ ಹೊದಿಕೆ ಮಡಿಸುವಾಗ ಹೀಗೇ ಇಬ್ಬರೂ ಎದುರುಬದುರು ನಿಲ್ಲುತ್ತಿದ್ದರು. ಗುಬ್ಬಿ ಹಿಡಿದಳು.

"ವಾಂತಿ ಬರದ ಹಾಗೆ ಮೊದಲೇ ಔಷಧಿ ಕೊಡಬಹುದಂತೆ ಅಕ್ಕಾ."

"ಹ್ಞೂಂ. ಹೊಸ ಮೇಡಂ ಹೇಳಿದ್ರಾ? ಅವರಿಗೆ ಅದೊಂದು ಹುಚ್ಚು. ನೆಟ್ಟಗೆ ಎಳಿ, ಸುಕ್ಕು ಬರ್ತಿದೆ."

"ನನ್ನ ಮೊದಲನೇ ಹೆರಿಗೇಲೂ ಇತ್ತಂತೆ."

"ಇತ್ತು."

ಅಷ್ಟು ಸಲೀಸಾಗಿ ಅಂದುಬಿಟ್ಟಳು. ಅಂಗಡಿಯಲ್ಲಿ ಯಾವುದೋ ಸಾಮಾನು ಇದೆಯೇ ಎಂದು ಕೇಳಿದ್ದಕ್ಕೆ ಹೇಳಿದ ಹಾಗೆ.

"ನಿಂಗೆ ಗೊತ್ತಿತ್ತಾ?"

"ಆ ಕಪಾಟಿನ ಬೀಗದ ಕೈ ಇರೋದೇ ನನ್ನ ಸೊಂಟದಲ್ಲಿ. ನಂಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತೆ?"

"ನಾನು ಕೈ ಹಿಚುಕಿದೆ."

ಅಕ್ಕ ಬಟ್ಟೆಯ ಸುಕ್ಕು ನೋಡುತ್ತಿದ್ದವಳು ತಲೆಯೆತ್ತಿದಳು. ಮರೆತಿದ್ದರೆ, ಯಾವಾಗ ಎಂದು ಕೇಳುತ್ತಿದ್ದಳು. ಕೇಳಲಿಲ್ಲ.

ಆಮೇಲೆ ಅವಳು ಬಹಳ ಮಾತಾಡಿದಳು. ದೊಡ್ಡ ಡಾಕ್ಟರು ಅವತ್ತು ಬೆಳಗಿನಿಂದ ಉರಿಯುತ್ತಿದ್ದರು. ಎಲ್ಲದಕ್ಕೂ ತಡ, ಎಲ್ಲದಕ್ಕೂ ಗೊಣಗಾಟ. ಸೂಜಿ ಡಾಕ್ಟರು ಚುಚ್ಚಿದವರೇ ಕಿಟಕಿಯ ಹತ್ತಿರ ಹೋಗಿ ಫೋನಿನಲ್ಲಿ ಮಾತಿಗೆ ನಿಂತಿದ್ದರು. ತಂಗಿಯ ಆಪರೇಷನ್ನಿಗೆ ತಾನೇ ಒಳಗಿರಬೇಕೆಂದು ಅವಳು ಹಿಂದಿನ ದಿನವಷ್ಟೇ ಕೈಮುಗಿದು ಒಪ್ಪಿಗೆ ಪಡೆದಿದ್ದಳು. ಅಂಥದ್ದರಲ್ಲಿ ನರ್ಸೊಬ್ಬಳು ಡಾಕ್ಟರಿಗೆ ಬಿಪಿ ನೋಡಿ ಎಂದು ಹೇಳುವುದು ಹೇಗೆ?

"ಬೀಳ್ತಿತ್ತು, ನೋಡಿದೆ. ಬಾಯಿ ಬಿಟ್ಟಿದ್ರೆ, ತಂಗಿ ಬಂದಳು ಅಂತ ಥಿಯೇಟರ್ನೇ ತಲೆ ಮೇಲೆ ಹೊತ್ಕೊಂಡಳು ಅನ್ನೋರು. ನೀನು ಮಗು ಎತ್ಕೊಂಡು ಮನೆಗೆ ಹೋಗ್ತೀಯ. ನಾನು ಮಾರನೇ ದಿನ ಅವರ ಮುಂದೇನೇ ನಿಂತ್ಕೋಬೇಕು. ತಾಯಿ ಚೆನ್ನಾಗಿದ್ದಾಳಾ, ಮಗು ಚೆನ್ನಾಗಿದೆಯಾ, ನಾವು ನೋಡೋದು ಅಷ್ಟೇ ಕಣೇ. ವಾಂತಿನೆಲ್ಲ ಯಾರು ನೆನಪಿಟ್ಕೋತಾರೆ?"

"ನೀನು ಇಟ್ಕೊಂಡಿದ್ದೀಯಲ್ಲ. ಭಾನುವಾರ ಬಂದ್ರೆ ಸಾಕು, ಹೇಳ್ತೀಯ."

"ಅದು ತಮಾಷೆಗೆ. ನೀನೂ ನಗ್ತಿದ್ಯಲ್ಲೇ."

"ಎಲ್ರಿಗೂ ಆಗೋದೇ ಅಂತ ನೀನು ಹೇಳಿದ್ದೆ. ನಂಬಿದ್ದೆ. ಅದಕ್ಕೆ ನಗ್ತಿದ್ದೆ."

ಗುಬ್ಬಿ ಕೈಯಲ್ಲಿದ್ದ ತುದಿಗಳನ್ನು ಬಿಟ್ಟಳು. ಅರ್ಧ ಮಡಿಸಿದ ಬಟ್ಟೆ ಇಬ್ಬರ ನಡುವೆ ನೆಲದ ಮೇಲೆ ಬಿತ್ತು. ಅದನ್ನು ಮತ್ತೆ ಒಗೆಯಬೇಕು ಎಂದು ಇಬ್ಬರಿಗೂ ಗೊತ್ತಿತ್ತು, ಯಾರೂ ಬಗ್ಗಲಿಲ್ಲ.

"ಅವಳು ಹುಟ್ಟಿ ಅತ್ತಿದ್ದು ನಂಗೆ ಕೇಳಿಸಿಲ್ಲ ಅಕ್ಕಾ. ತೋರಿಸೋಕೆ ತಂದಾಗ ಮುಖ ತಿರುಗಿಸಿದೆ. ಇನ್ನೂ ಸ್ವಲ್ಪ ದಿನ ಹೋದ್ರೆ ಇದೂ ಭಾನುವಾರದ ತಮಾಷೆ ಆಗುತ್ತೆ. ಬೇಡ. ಈ ಸಲ ನೀನು ಒಳಗೆ ಇರಬೇಡ."

ಅಕ್ಕ ಏನೋ ಹೇಳಲು ಹೋದಳು. ಗುಬ್ಬಿ ಆಗಲೇ ಮೆಟ್ಟಿಲ ಕಡೆ ತಿರುಗಿದ್ದಳು, ಗೋಡೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಳಿಯುತ್ತ.

ಸಂಜೆಯೊಳಗೆ ಅಮ್ಮನ ಫೋನು ಬಂತು. ಒಡಹುಟ್ಟಿದವಳನ್ನು ಬಾಗಿಲ ಹೊರಗೆ ನಿಲ್ಲಿಸುತ್ತೀಯಾ ಎಂದು ಶುರುಮಾಡಿ, ತಾನು ಇಬ್ಬರನ್ನು ಹೆತ್ತಾಗ ಯಾವ ಸೂಜಿಯೂ ಇರಲಿಲ್ಲ, ಯಾವ ಔಷಧಿಯೂ ಇರಲಿಲ್ಲ, ಹೆಣ್ಣಾಗಿ ಹುಟ್ಟಿದ ಮೇಲೆ ಅಷ್ಟೂ ತಡೆದುಕೊಳ್ಳದಿದ್ದರೆ ಹೇಗೆ ಎಂದು ಮುಂದುವರಿಸಿದಳು. ಗುಬ್ಬಿ ಎಲ್ಲವನ್ನೂ ಕೇಳಿಸಿಕೊಂಡಳು. ಕೊನೆಗೆ ಒಂದೇ ಮಾತು ಹೇಳಿದಳು: "ನಿಂಗೆ ಇರಲಿಲ್ಲ, ಅದಕ್ಕೆ ತಡ್ಕೊಂಡೆ. ನಂಗೆ ಇತ್ತಮ್ಮ. ಪಕ್ಕದ ಕಪಾಟಲ್ಲೇ ಇತ್ತು."

ಗಂಡ ಲಿಫ್ಟ್ ರಿಪೇರಿ ಮಾಡುವವನು. ಮನೆಯ ಜಗಳಗಳಲ್ಲಿ ಬಾಯಿ ಹಾಕುವವನಲ್ಲ. ಅವತ್ತು ಮಾತ್ರ, ಮಗಳಿಗೆ ಉಣ್ಣಿಸುತ್ತಿದ್ದವನು ತಟ್ಟೆ ಕೆಳಗಿಟ್ಟು ಹೇಳಿದ. ಲಿಫ್ಟಿನೊಳಗೆ ಸಿಕ್ಕಿಕೊಂಡವರು ಬೆಲ್ಲು ಒತ್ತಿದಾಗ, ಕೆಳಗಿದ್ದವರಿಗೆ ಮೊದಲು ಬರುವ ಯೋಚನೆ ಯಾರೋ ತಮಾಷೆಗೆ ಒತ್ತಿದ್ದಾರೆ ಎಂಬುದಂತೆ. ಒಳಗೆ ಸಿಕ್ಕಿಕೊಂಡು ನೋಡಿದವನು ಮಾತ್ರ ಹಾಗೆ ಅಂದುಕೊಳ್ಳುವುದಿಲ್ಲವಂತೆ. ಇಷ್ಟು ಹೇಳಿ ಮತ್ತೆ ತಟ್ಟೆ ಕೈಗೆತ್ತಿಕೊಂಡ.

ಮುಂದಿನ ಭಾನುವಾರಗಳಲ್ಲಿ ಗುಬ್ಬಿ ಅಮ್ಮನ ಮನೆಗೆ ಹೋಗಲಿಲ್ಲ. ಅಕ್ಕನ ಹೆಸರು ಫೋನಿನಲ್ಲಿ ಮಿಣುಕಿ ಮಿಣುಕಿ ಆರುತ್ತಿತ್ತು. ಅಂಗಡಿಯಲ್ಲಿ ಸ್ಕ್ರೂ ತಿರುಗಿಸುವಾಗ ಕೆಲವೊಮ್ಮೆ ಕೈ ನಿಂತುಹೋಗುತ್ತಿತ್ತು. ವಾಂತಿಗಿಂತ, ಹೆದರಿಕೆಗಿಂತ ಹೆಚ್ಚಾಗಿ ಅವಳನ್ನು ಕಾಡಿದ್ದು ಆ ಬೆರಳುಗಳು. ಅವು ಗಾಬರಿಯಲ್ಲಿ ಜಾರಿದ್ದರೆ ಮರೆಯಬಹುದಿತ್ತು. ಅವು ಮೆಲ್ಲಗೆ, ಯಾರಿಗೂ ಕಾಣದ ಹಾಗೆ ಬಿಡಿಸಿಕೊಂಡಿದ್ದವು.

ಆಪರೇಷನ್ನಿನ ದಿನ ಥಿಯೇಟರಿನಲ್ಲಿ ಅಕ್ಕ ಇರಲಿಲ್ಲ. ಬೇರೆ ನರ್ಸು, ದಪ್ಪ ಕನ್ನಡಕದವಳು, ಗುಬ್ಬಿಯನ್ನು ಹಿಡಿದು ಮೇಜಿನ ಮೇಲೆ ಕೂರಿಸಿದಳು. ಗುಬ್ಬಿಯ ಕಣ್ಣು ತಾನಾಗಿಯೇ ದಿಂಬಿನ ಪಕ್ಕಕ್ಕೆ ಹೋಯಿತು. ಅಲ್ಲಿ ಟ್ರೇ ಇರಲಿಲ್ಲ. ಔಷಧಿ ತುಂಬಿದ ಸಿರಿಂಜೊಂದನ್ನು ಸಣ್ಣ ಯಂತ್ರಕ್ಕೆ ಕೂರಿಸಿ ಇಟ್ಟಿದ್ದರು.

"ಟ್ರೇ ಎಲ್ಲಿ?" ಎಂದಳು.

"ಇದೆ, ಕೆಳಗಿದೆ. ಬೇಕಾದ್ರೆ ಕೊಡ್ತೀವಿ," ಎಂದಳು ನರ್ಸು. ಆಮೇಲೆ, ಗೌನಿನ ಗಂಟು ಬಿಚ್ಚುತ್ತ, ದನಿ ತಗ್ಗಿಸಿ: "ನಿಮ್ಮಕ್ಕ ಹೇಳಿಲ್ವಾ? ಇದನ್ನ ತುಂಬಿಡದೆ ಈಗ ಯಾವ ಪೇಷೆಂಟನ್ನೂ ಒಳಗೆ ಬಿಡಲ್ಲ ಅವರು. ಯಾವ ಡಾಕ್ಟರ ಸರದಿ ಆದ್ರೂ ಸರಿ. ದೊಡ್ಡ ಡಾಕ್ಟ್ರು ಎಲ್ಲರ ಎದುರೇ ಬೈದ್ರು, ತಡ ಆಗುತ್ತೆ, ತಂಗಿಗೋಸ್ಕರ ಹೊಸ ಕಾನೂನು ಮಾಡ್ತಿದ್ದೀಯಾ ಅಂತ."

"ಅಕ್ಕ ಏನಂದ್ಲು?"

"ತಂಗಿಗೆ ಮಾಡಲಿಲ್ಲ ಸಾರ್, ಅದಕ್ಕೇ ಮಾಡ್ತಿದ್ದೀನಿ ಅಂದ್ರು. ಬಾಗಿಲಲ್ಲೇ ನಿಂತಿದ್ರು. ಅವರು ಬೈದು ಮುಗಿಸೋ ತನಕ ಅಲ್ಲಾಡಲಿಲ್ಲ."

ಗುಬ್ಬಿಗೆ ಏನನ್ನಿಸಬೇಕೆಂದು ತಿಳಿಯಲಿಲ್ಲ. ಕಣ್ಣು ಉರಿಯಿತು. ಇಷ್ಟೇ ಧೈರ್ಯ ಆಗ ಎಲ್ಲಿತ್ತು ಎಂಬ ಸಿಟ್ಟೂ ಬಂತು. ಅಷ್ಟರಲ್ಲಿ ಡಾಕ್ಟರು ಹಿಂದಿನಿಂದ ಬಂದು, ಗಲ್ಲ ಎದೆಗೆ ತಾಗಿಸಿ ಬೆನ್ನು ಬಗ್ಗಿಸಿ ಎಂದರು.

ಅದೇ ಸೂಜಿ, ಅದೇ ಬಿಸುಪು, ಅದೇ ಹಸಿರು ಗೋಡೆ. ಸೊಂಟದ ಕೆಳಗೆ ಮೆತ್ತೆ ಬಂತು. ಯಂತ್ರ ಮೆಲ್ಲಗೆ ಗೊರಗುಟ್ಟತೊಡಗಿತು. ಗುಬ್ಬಿ ಕಿವಿ ಮುಚ್ಚಿಕೊಳ್ಳುವುದನ್ನು ಕಾಯುತ್ತ ಮಲಗಿದಳು. ಮುಚ್ಚಲಿಲ್ಲ. ಕತ್ತರಿ ಟ್ರೇಗೆ ಬಿದ್ದ ಸದ್ದು ಕೇಳಿಸಿತು. ಬಾಗಿಲಾಚೆ ಯಾರೋ ಗಾಲಿಮಂಚ ತಳ್ಳಿದ್ದು ಕೇಳಿಸಿತು. ದೊಡ್ಡ ಡಾಕ್ಟರು, ಸ್ಕ್ರೀನ್ ಸರಿಯಾಗಿ ಎಳೀರಿ ಎಂದು ಗೊಣಗಿದ್ದೂ ಕೇಳಿಸಿತು.

ಹೊಟ್ಟೆಯನ್ನು ಒತ್ತಿ ಎಳೆದಂತಾದಾಗ ಒಮ್ಮೆ ಬಾಯಲ್ಲಿ ನೀರೂರಿತು. ಅವಳ ಬೆರಳು ಅಭ್ಯಾಸದಿಂದ ಯಾರದೋ ಕೈ ಹುಡುಕಿತು. ಆಮೇಲೆ ಅವಳು ಬಾಯಿ ತೆರೆದಳು.

"ಡಾಕ್ಟ್ರೇ, ಹೊಟ್ಟೆ ತೊಳಸ್ತಿದೆ."

ದನಿ ತಾನೆಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಪರದೆಯ ಆಚೆ ಮಾತು ನಿಂತಿತು. "ಸರಿ, ಹೇಳಿದ್ದು ಒಳ್ಳೇದಾಯ್ತು," ಎಂದರು ಅರಿವಳಿಕೆ ಡಾಕ್ಟರು ತಲೆಯ ಹತ್ತಿರವೇ. ಮಾನಿಟರ್ ನೋಡಿದರು, ಯಂತ್ರದಲ್ಲಿ ಏನೋ ತಿರುಗಿಸಿದರು, ಪರದೆಯ ಆಚೆಗೆ ಒಂದು ಕ್ಷಣ ಕೈ ನಿಲ್ಲಿಸಿ ಎಂದರು. ದೊಡ್ಡ ಡಾಕ್ಟರು ನಿಲ್ಲಿಸಿದರು. ತೊಳಸು ಬಂದ ದಾರಿಯಲ್ಲೇ ಇಳಿದುಹೋಯಿತು.

ಆಮೇಲೆ ಅಳು ಕೇಳಿಸಿತು. ಎಣ್ಣೆ ಕಾಣದ ಬಾಗಿಲು ತೆರೆದ ಹಾಗೆ ಮೊದಲು ಒಂದು ಕಿರ್ರೆನ್ನುವ ಎಳೆ. ಆಮೇಲೆ ಒಂದು ಬಿಕ್ಕು. ಆಮೇಲೆ ಇಡೀ ಕೋಣೆ ತುಂಬುವಷ್ಟು ಸಿಟ್ಟು. ಮಗ, ಎಂದರು ಯಾರೋ. ಮುಖದ ಹತ್ತಿರ ತಂದಾಗ ಗುಬ್ಬಿ ತನ್ನ ಕೆನ್ನೆಯನ್ನು ಅದರ ಒದ್ದೆ ತಲೆಗೆ ತಾಗಿಸಿದಳು.

ಅವಳು ಬಿಕ್ಕುವುದನ್ನು ಕಂಡು ಡಾಕ್ಟರು ಬಗ್ಗಿ, ನೋವಾಗುತ್ತಿದೆಯೇ ಎಂದು ಕೇಳಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು.

"ಇಷ್ಟೇನಾ ಡಾಕ್ಟ್ರೇ?"

"ಇಷ್ಟೇ," ಎಂದರು ಅವರು.

ಅದು ಅಷ್ಟು ಸುಲಭವಾಗಿತ್ತು ಎಂಬುದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

ಮಾರನೆಯ ದಿನ ವಾರ್ಡಿಗೆ ಎಲ್ಲರೂ ಬಂದರು. ಅಮ್ಮ ಮಗುವಿನ ಕಿವಿ ಯಾರದೆಂದು ಪರೀಕ್ಷೆ ಮಾಡುತ್ತಿದ್ದಳು. ಗಂಡ ಮಗಳನ್ನು ಎತ್ತಿ ತೊಟ್ಟಿಲಿಗೆ ಇಣುಕಿಸುತ್ತಿದ್ದ. ಡ್ಯೂಟಿ ಮುಗಿಸಿದ ಅಕ್ಕ ಬಂದವಳು ಬಾಗಿಲ ಹತ್ತಿರವೇ ನಿಂತಳು.

ಚಿಕ್ಕಪ್ಪ ಕುರ್ಚಿ ಹುಡುಕಿ ಗೋಡೆಗೆ ಒರಗಿಸಿಕೊಂಡರು. "ಏನಮ್ಮ ಗುಬ್ಬಿ, ಈ ಸಲ ಯಾರ ಬೂಟು?" ಎಂದು ನಕ್ಕು, ಬಾಗಿಲ ಕಡೆ ತಿರುಗಿದರು. "ಹೇಳಮ್ಮ, ನೀನೇ ಹೇಳಬೇಕು ಅದನ್ನ."

"ಆ ಕಥೆ ಇನ್ನು ಹೇಳಲ್ಲ ಚಿಕ್ಕಪ್ಪ," ಎಂದಳು ಅಕ್ಕ.

"ಯಾಕೆ?"

"ಅರ್ಧಾನೇ ಹೇಳ್ತಿದ್ದೆ. ನಗು ಬರೋ ಅರ್ಧ."

ಚಿಕ್ಕಪ್ಪನಿಗೆ ಎಲ್ಲಿ ನಗಬೇಕೆಂದು ತಿಳಿಯಲಿಲ್ಲ. ಅಮ್ಮ ಮಗುವಿನ ಹೊದಿಕೆ ಸರಿಮಾಡುವುದರಲ್ಲಿ ತಲೆ ಬಗ್ಗಿಸಿದಳು. ಅಕ್ಕ ಒಳಗೆ ಬಂದು, ಮಂಚದ ಹತ್ತಿರ ಅಲ್ಲ, ಅಪ್ಪನ ತೋಳಿನಿಂದ ಇಳಿದು ನಿಂತಿದ್ದ ಗುಬ್ಬಿಯ ಮಗಳ ಹತ್ತಿರ ಹೋಗಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಳು. ಅವಳ ಮುಖಕ್ಕೆ ಮುಖ ಸರಿಯಾಗುವ ಹಾಗೆ.

"ನೀನು ಹುಟ್ಟಿದಾಗ ಹೇಗೆ ಅಳ್ತಿದ್ದೆ ಅಂತ ಯಾರೂ ಹೇಳಿಲ್ಲ ಅಲ್ವಾ ನಿಂಗೆ?"

ಮಗಳು ಇಲ್ಲವೆಂದು ತಲೆಯಾಡಿಸಿದಳು.

"ಅಮ್ಮಂಗೆ ಆಗ ತುಂಬಾ ಹುಷ್ಷಾರಿರಲಿಲ್ಲ. ನನ್ನಿಂದ. ಅದಕ್ಕೆ ಅಮ್ಮಂಗೆ ಕೇಳಿಸಲಿಲ್ಲ. ನಿನ್ನ ಎತ್ಕೊಂಡಿದ್ದು ನಾನು, ನಂಗೆ ಕೇಳಿಸ್ತು." ಅಕ್ಕ ಅವಳ ಎರಡೂ ಕೈ ಹಿಡಿದುಕೊಂಡಳು. "ಮೊದಲು ನೀನು ಅಳಲೇ ಇಲ್ಲ. ಕಣ್ಣು ಬಿಟ್ಟು ಲೈಟು ನೋಡ್ತಾ ಇದ್ದೆ. ನಾನು ಬೆನ್ನು ಉಜ್ಜಿದೆ. ಸೀನಿದೆ. ಎಂಥ ಸೀನು ಅಂತೀಯ, ನಿಂಗೇ ಗಾಬರಿ ಆಯ್ತು. ಆಮೇಲೆ ಕೆಳತುಟಿ ಹೀಗೆ ಮುಂದೆ ಬಂತು. ಮೂರು ಸಲ ಸಣ್ಣಗೆ, ಅ, ಅ, ಅ, ಅಂತ ಯಾರನ್ನೋ ಕರೆಯೋ ಥರ ಅಂದೆ. ಯಾರೂ ಓ ಅನ್ನಲಿಲ್ಲ. ಆಗ ಶುರುಮಾಡಿದೆ ನೋಡು, ಜೋರಾಗಿ. ಅಮ್ಮ ಇದ್ದ ಕಡೇನೇ ತಿರುಗಿ ಅಳ್ತಿದ್ದೆ."

ಮಗಳು ಕೆಳತುಟಿ ಮುಂದೆ ಮಾಡಿ ನೋಡಿದಳು. ಅ, ಅ, ಅ, ಎಂದಳು. ಅದು ಅವಳಿಗೆ ಬಹಳ ಹಿಡಿಸಿತು. ಅಪ್ಪನ ಹತ್ತಿರ ಓಡಿಹೋಗಿ ಅವನ ಮುಂದೆಯೂ ಮಾಡಿ ತೋರಿಸಿದಳು.

ಅಕ್ಕ ಎದ್ದು ನಿಂತಳು. ಅವಳ ಕೈ ಮಂಚದ ಕಂಬಿಯ ಮೇಲಿತ್ತು, ಗುಬ್ಬಿಯ ಕೈಗೆ ಎಟುಕುವಷ್ಟು ಹತ್ತಿರ. ಗುಬ್ಬಿ ಅದನ್ನು ಹಿಡಿಯಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕಣ್ಣು ಮುಚ್ಚಿ ಮಲಗಿದ್ದಳು. ನಿದ್ದೆ ಬಂತೇನೋ ಎಂದು ಅಮ್ಮ ಎಲ್ಲರಿಗೂ ಸನ್ನೆ ಮಾಡಿದಳು. ಒಬ್ಬೊಬ್ಬರೇ ಸದ್ದಿಲ್ಲದೆ ಹೊರಗೆ ನಡೆದರು. ಅಕ್ಕನೂ ಬ್ಯಾಗು ಹೆಗಲಿಗೇರಿಸಿ ಬಾಗಿಲವರೆಗೆ ಹೋದಳು.

"ಅಕ್ಕಾ."

ಅಕ್ಕ ತಿರುಗಿದಳು. ಗುಬ್ಬಿ ಇನ್ನೂ ಕಣ್ಣು ತೆರೆದಿರಲಿಲ್ಲ.

"ಆ ಸೀನಿದ್ದು," ಎಂದಳು. "ಅಲ್ಲಿಂದ ಇನ್ನೊಂದ್ಸಲ ಹೇಳು."